ಹದಿನೇಳನೇ ಮಿಷನ್ನಿನ ಮುಯ್ಯಿ

ಜುಲೈ 7, ಸೋಮವಾರ. ಸಂಜೆ, ವ್ಯಾನಿನಲ್ಲಿ

ಇವತ್ತೂ ಅರವತ್ತೊಂದೇ. ಗಂಟೆಗೆ ಅರವತ್ತೊಂದು ಶರ್ಟು. ಬೇಕಾದ್ದು ಎಂಬತ್ತು. ಪ್ರೊಡಕ್ಷನ್ ಮ್ಯಾನೇಜರ್ ಶಶಿಕುಮಾರ್ ಬೋರ್ಡು ನೋಡಿದರು, ನನ್ನನ್ನು ನೋಡಿದರು, ವಾಚು ನೋಡಿಕೊಂಡು ಹೋದರು. ಬೈದಿದ್ದರೆ ವಾಸಿಯಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರವಿದೆ. ಹನ್ನೊಂದು ವರ್ಷ ಕಾರ್ಮಿಕ ಸಂಘಟನೆಯಲ್ಲಿ ಕಲಿತದ್ದೇ ಅದು.

ಈ ನೀಲಿ ಕೋಟು ಹಾಕಿ ನಾಲ್ಕು ತಿಂಗಳು. ಹುಣಸೂರಿನ ಇದೇ ಫ್ಯಾಕ್ಟರಿ ಗೇಟಿನ ಹೊರಗೆ ಶಾಮಿಯಾನ ಹಾಕಿ ಮೈಕಿನಲ್ಲಿ ಧಿಕ್ಕಾರ ಕೂಗಿದವಳು, ಈಗ ಕುತ್ತಿಗೆಗೆ ವಿಷಲ್ ಕಟ್ಟಿಕೊಂಡು ನಾಲ್ಕನೇ ಲೈನಿನ ಸೂಪರ್‌ವೈಸರ್. ಗಲಾಟೆಯವಳಿಗೆ ಕೋಟು ಹಾಕಿದರೆ ಬಾಯಿ ಮುಚ್ಚುತ್ತಾಳೆ ಅಂದುಕೊಂಡಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಹಳೇ ಗೆಳತಿಯರು ಮುಖ ತಿರುಗಿಸುತ್ತಾರೆ. ತಿರುಗಿಸಲಿ.

ಗೋಡೆಯ ಮೇಲಿನ ಕಾಗದ ಮತ್ತೆ ಓದಿದೆ. ತಿಂಗಳ ಕೊನೆಗೆ ಪ್ರತಿ ಲೈನಿನಲ್ಲೂ ಎಲ್ಲರಿಗಿಂತ ಹಿಂದೆ ಬಿದ್ದವಳನ್ನು ಮನೆಗೆ ಕಳಿಸುವುದು. ಬೆಂಗಳೂರಿನ ಹೆಡ್ ಆಫೀಸಿನ ರೂಲು. ಜೂನ್‌ನಲ್ಲಿ ಪುಟ್ಟಿ ಹೋದಳು. ನಾಲ್ಕು ದಿನ ಜ್ವರ, ಅಷ್ಟೇ ಅವಳ ಅಪರಾಧ. ಗೇಟಿನ ತನಕ ಬಿಟ್ಟು ಬಂದದ್ದು ನಾನೇ. ಇದೇ ವಿಷಲ್ ಹಾಕಿಕೊಂಡು.

ಜುಲೈಯಲ್ಲಿ ನನ್ನ ಲೈನಿಂದ ಯಾರೂ ಹೋಗಲ್ಲ. ಬರೆದಿಡುತ್ತಿದ್ದೇನೆ. ಯಾರೂ.

ಜುಲೈ 9, ಬುಧವಾರ. ಮೈಸೂರಿಂದ ವಾಪಸ್ ಬಸ್ಸಿನಲ್ಲಿ

ಸೂಪರ್‌ವೈಸರ್‌ಗಳಿಗೆ ಟ್ರೇನಿಂಗು. ಏಸಿ ರೂಮು, ಎರಡು ಬಿಸ್ಕತ್ತು. ಟ್ರೇನರ್ ಒಂದು ಚೌಕ ಬರೆದ. ಅಡ್ಡಗೆರೆ ಕೆಲಸದ ಕಾಳಜಿ, ನಿಂತ ಗೆರೆ ಜನರ ಕಾಳಜಿ. ಬರೀ ಕೆಲಸ ನೋಡುವವನು ಕೆಳಗಿನ ಬಲಮೂಲೆ — ಸರ್ವಾಧಿಕಾರಿ. ಬರೀ ಜನರನ್ನು ನೋಡುವವನು ಮೇಲಿನ ಎಡಮೂಲೆ — ಅವನ ಹತ್ತಿರ ಎಲ್ಲರೂ ಖುಷಿ, ಮಾಲು ಮಾತ್ರ ಇಲ್ಲ. ಎರಡೂ ತುಂಬಿದವನು ಮೇಲಿನ ಬಲಮೂಲೆ. ನಾವೆಲ್ಲ ಅಲ್ಲಿಗೆ ಬರಬೇಕಂತೆ.

ಕೈ ಎತ್ತಿದೆ. "ಸಾರ್, ಆ ಮೂಲೆಗೆ ಬಸ್ಸು ಎಲ್ಲಿಂದ ಹೊರಡ್ತದೆ?"

ಎಲ್ಲರೂ ನಕ್ಕರು. ಟ್ರೇನರ್ "ಗುಡ್ ಕ್ವೆಶ್ಚನ್" ಅಂದ, ಮುಂದಿನ ಸ್ಲೈಡಿಗೆ ಹೋದ.

ಆದರೆ ಆ ಚೌಕ ತಲೆಯಿಂದ ಇಳಿಯುತ್ತಿಲ್ಲ. ಸಂಘಟನೆಯಲ್ಲಿ ನಾವು ಜನ, ಜನ ಅಂದೆವು. ಕೆಲಸ ಮಾಲೀಕನದು ಅಂದುಕೊಂಡೆವು. ತಪ್ಪು! ಹೊಲಿಯುವ ಕೈ ನಮ್ಮದಾದ ಮೇಲೆ ಕೆಲಸ ಅವನದು ಹೇಗಾಯಿತು?

ಜುಲೈ 11, ಶುಕ್ರವಾರ. ಟೀ ಬ್ರೇಕ್

ಸಿಕ್ಕಿತು! ಟೀ ಆರಿಹೋಗುತ್ತಿದೆ. ಇರಲಿ.

ಕಾಲರ್ ಹೊಲಿಯುವ ಮಹದೇವಮ್ಮ ಎರಡು ದಿನ ಚಕ್ಕರ್ ಹೊಡೆದು ಇವತ್ತು ಬಂದಳು. ಪಿರಿಯಾಪಟ್ಟಣದ ಕಡೆಯವಳು. ಬೆರಳೆಲ್ಲ ಹೊಗೆಸೊಪ್ಪಿನ ಅಂಟು, ಕಪ್ಪು. ಮೈಮೇಲೆ ಹೋದೆ.

"ಎಲ್ಲಿ ಹಾಳಾಗೋಗಿದ್ದೆ ಎರಡು ದಿನ?"

"ಸೊಪ್ಪು ಕಟ್ಟಾಕೋಗಿದ್ದೆ ಕಣಕ್ಕ. ತಂಗಿ ಮನೇದು. ಮುಯ್ಯಿ. ಓದ್ ವರ್ಸ ಅವ್ಳು ಬಂದು ನಮ್ದು ಕಟ್ಟಿದ್ಲು, ಈಗ ನಾನು ಓಗ್ದೆ ಇದ್ರೆ ಮಕ ತೋರ್ಸಾಕಾದದಾ?"

"ದಿನಕ್ಕೆ ಎಷ್ಟು ಕಡ್ಡಿಗೆ ಸೊಪ್ಪು ಕಟ್ತೀರಾ?"

"ಜಗಲೀಲಿ ಮೂರು ಜನ ಕುಂತ್ರೆ ಇನ್ನೂರು. ಒಬ್ಳೇ ಕುಂತ್ರೆ ನಲವತ್ತೂ ಆಗಲ್ಲ ಬುಡು. ಒಬ್ಳು ಕಟ್ಟಾದು, ಆಚೆಗೊಬ್ಳು ಈಚೆಗೊಬ್ಳು ಎಲೆ ಎತ್ತಿ ಕೊಡಾದು. ಕಟ್ಟೋಳ್ ಕೈ ನಿಲ್ಲಂಗಿಲ್ಲ." ಮಿಷನ್ನಿನ ಕಡೆ ಕೈ ಮಾಡಿದಳು. "ನಿಮ್ದೇನು ಇಲ್ಲಿ? ಬಟ್ಟೆ ಎತ್ಕಳಾಳೂ ನಾನೇ, ತಿರುವಾಕಾಳೂ ನಾನೇ, ದಾರ ಕತ್ತರಿಸಾಳೂ ನಾನೇ. ಜೇಬಿನೋರು ಮುಗಿಸ್ಕಂಡು ಸೂರು ನೋಡ್ತಾ ಕುಂತವ್ರೆ. ಎದ್ದು ಬಂದ್ರೆ ನಿಮ್ ವಿಷಲ್ಲು, ಪುರ್ರ್ ಅಂತ!"

ಹೌದಲ್ಲ. ಕಾಲರಿನ ಮುಂದೆ ಗುಡ್ಡೆ, ಜೇಬಿನ ಮುಂದೆ ಖಾಲಿ. ಎಲ್ಲರೂ ಹೊಲದಲ್ಲಿ ಮುಯ್ಯಾಳಾಗಿ ದುಡಿದವರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಗೇಟಿನೊಳಗೆ ಬಂದ ತಕ್ಷಣ ಅದನ್ನು ಮರೆಸಿದವರು ಯಾರು? ನಾನು. ನನ್ನ ವಿಷಲ್.

ಜುಲೈ 12, ಶನಿವಾರ

ಶಶಿಕುಮಾರ್ ಹತ್ತಿರ ಹೋದೆ. ಕೆ.ಆರ್. ನಗರದ ಗದ್ದೆ ಮನೆಯವರು, ಅರ್ಧ ಮಾತಿಗೇ ಅರ್ಥವಾಯಿತು. ಕೈ ಖಾಲಿಯಾದವಳು ಎದ್ದು ಗುಡ್ಡೆ ಬಿದ್ದ ಕಡೆ ಹೋಗಿ ಎತ್ತಿಕೊಡುವುದು. ವಿಷಲ್ ಇಲ್ಲ. ನೀರಿಗೆ, ಬಾತ್‌ರೂಮಿಗೆ ಚೀಟಿ ಇಲ್ಲ.

"ಎಂಬತ್ತು ಬರ್ತದಾ ರಾಚಮ್ಮ?"

"ಬಂದ್ರೆ ಈ ತಿಂಗಳು ನನ್ನ ಲೈನಿಂದ ಯಾರನ್ನೂ ಕಳಿಸಂಗಿಲ್ಲ."

"ಆಯ್ತು. ಹೆಡ್ ಆಫೀಸ್ ನಾನ್ ನೋಡ್ಕೋತೀನಿ."

"ಬರೆದುಕೊಡಿ ಸಾರ್."

ನಕ್ಕರು. "ಮುಯ್ಯಿ ಯಾರಾದ್ರೂ ಬರ್ಕೊಡ್ತಾರೇನ್ರೀ?"

ಜುಲೈ 14, ಸೋಮವಾರ

ಐವತ್ತನಾಲ್ಕು! ಇದ್ದದ್ದೂ ಹೋಯಿತು. ಎದ್ದವರು ಒಬ್ಬರಿಗೊಬ್ಬರು ಡಿಕ್ಕಿ. ಮೂರು ಜನ ಒಂದೇ ಕಾಲರಿಗೆ ಕೈ ಹಾಕಿದರು.

ಜೇಬಿನ ಭಾಗ್ಯಮ್ಮ ಏಳಲೇ ಇಲ್ಲ. ಫ್ಲೋರಿನಲ್ಲೇ ವೇಗದ ಕೈ ಅವಳದು. "ನಾನ್ ಎದ್ದೋದ್ರೆ ನನ್ ಮಿಷನ್ ಲೆಕ್ಕ ಬೀಳ್ತದೆ ರಾಚಕ್ಕ. ತಿಂಗಳ ಕೊನೇಲಿ ನೀನ್ ಬತ್ತೀಯಾ ನನ್ನ ಉಳಿಸಾಕೆ?" ಅಂದಳು. ಸಿಟ್ಟು ಬಂತು. ಸ್ವಾರ್ಥಿ ಅಂದೆ. ಮುಖದ ಮೇಲೇ.

ಎದ್ದವಳು ಅವಳ ಪಕ್ಕದಲ್ಲೇ ಜೇಬು ಹೊಲಿಯುವ, ಹದಿನೇಳನೇ ಮಿಷನ್ನಿನ ಬೊಮ್ಮಮ್ಮ. ಕಾಡಂಚಿನ ಗಿರಿಜನರ ಹಾಡಿಯಿಂದ ಈ ಫ್ಯಾಕ್ಟರಿಗೆ ಬಂದ ಮೊದಲನೆಯವಳು. ಹತ್ತು ತಿಂಗಳಲ್ಲಿ ಅವಳು ಆಡಿದ ಮಾತು ಈ ಪುಟದಲ್ಲಿ ಹಿಡಿಸುತ್ತದೆ. ಹಾಡಿಯ ಇನ್ನೂ ಆರು ಹುಡುಗಿಯರು ಅರ್ಜಿ ಹಾಕಿ ಕಾದಿದ್ದಾರೆ. ಇವಳು ಇಲ್ಲಿ ಉಳಿದರೆ ಅವರು ಬರುತ್ತಾರೆ. ಬೊಮ್ಮಮ್ಮ ನೇರ ಹೋಗಿ ಮಹದೇವಮ್ಮನ ಎಡಕ್ಕೆ ನಿಂತಳು, ಕಾಲರ್ ತಿರುವಿ ತಿರುವಿ ಕೈಗಿಟ್ಟಳು. ಆ ಒಂದು ಮಿಷನ್ ಮಾತ್ರ ನಿಲ್ಲಲಿಲ್ಲ.

ಜುಲೈ 17, ಗುರುವಾರ

ಎಪ್ಪತ್ತೆರಡು. ಬೊಮ್ಮಮ್ಮನನ್ನು ನೋಡಿ ನೋಡಿ ಎಲ್ಲರಿಗೂ ಅಂದಾಜು ಸಿಕ್ಕಿದೆ. ಎಲ್ಲಿ ನಿಲ್ಲಬೇಕು, ಯಾವಾಗ ಬಿಡಬೇಕು. ಲೈನಿನಲ್ಲಿ ಮಾತು, ನಗು. ಮಹದೇವಮ್ಮ ಸೊಸೆಯನ್ನು ಬೈಯುತ್ತಾ ಗಂಟೆಗೆ ನಾಲ್ಕು ಕಾಲರ್ ಜಾಸ್ತಿ ಹೊಲಿಯುತ್ತಾಳೆ. ಸೊಸೆ ಇನ್ನೂ ಸ್ವಲ್ಪ ತಪ್ಪು ಮಾಡಲಿ ಅಂತ ಹಾರೈಸಿದೆ.

ಜುಲೈ 19, ಶನಿವಾರ. ಮೂರು ಗಂಟೆ

ಎಂಬತ್ತನಾಲ್ಕು! ಎಂಬತ್ತನಾಲ್ಕು! ಎಂಬತ್ತನಾಲ್ಕು!

ವಿಷಲ್ ಕಿತ್ತು ಚಿಂದಿ ಬುಟ್ಟಿಗೆ ಎಸೆದೆ. ಹೆಂಗಸರು ಮಿಷನ್ ಮೇಲೆ ಕತ್ತರಿ ಕುಟ್ಟಿ ತಾಳ ಹಾಕಿದರು. ಟ್ರೇನರ್ ಸಾಹೇಬರೇ, ನಿಮ್ಮ ಮೇಲಿನ ಬಲಮೂಲೆಗೆ ಬಸ್ಸು ಹೊಗೆಸೊಪ್ಪಿನ ಜಗಲಿಯಿಂದ ಹೊರಡುತ್ತದೆ!

ಇನ್ನೊಂದು ಮಾಡಿದೆ. ಬೋರ್ಡಿನಲ್ಲಿ ಬರೀ ಒಟ್ಟು ಲೆಕ್ಕ ಯಾಕಿರಬೇಕು? ದುಡಿದವರ ಹೆಸರು ಗೋಡೆಯ ಮೇಲಿರಬೇಕು — ಇದು ನನ್ನ ಹಳೇ ಹಟ. ಒಬ್ಬೊಬ್ಬರ ಹೆಸರು, ಎದುರಿಗೆ ಅವರ ಮಿಷನ್ನಿನ ಲೆಕ್ಕ, ದಪ್ಪ ಅಕ್ಷರದಲ್ಲಿ. ಶಶಿಕುಮಾರ್ ಖುಷಿಯಾಗಿ ಫೋಟೊ ತೆಗೆದು ಬೆಂಗಳೂರಿಗೆ ಕಳಿಸಿದರು.

ಜುಲೈ 22, ಮಂಗಳವಾರ

ನನ್ನ ಕೈ ಕಡಿಯಬೇಕು.

ಹೆಡ್ ಆಫೀಸಿನವರು ಎಂಬತ್ತನಾಲ್ಕು ನೋಡಲಿಲ್ಲ. ಹೆಸರುಗಳನ್ನು ನೋಡಿದರು. ಭಾಗ್ಯಮ್ಮ, ಗಂಟೆಗೆ ಮೂವತ್ತೊಂದು. ಬೊಮ್ಮಮ್ಮ, ಹನ್ನೊಂದು. ಹನ್ನೊಂದರವಳು ಯಾರು, ಯಾಕಿದ್ದಾಳೆ — ಇದು ಅವರ ಉತ್ತರ. ಒಂದು ಶಭಾಷ್ ಕೂಡ ಇಲ್ಲ.

ಎಲ್ಲರಿಗಿಂತ ಜಾಸ್ತಿ ಎದ್ದು ಓಡಿದವಳು ಎಲ್ಲರಿಗಿಂತ ಕೆಳಗೆ. ಅವಳ ಕೈ ಮೂವತ್ತು ಜನರ ಲೆಕ್ಕದಲ್ಲಿದೆ, ಅವಳ ಲೆಕ್ಕದಲ್ಲಿಲ್ಲ. ಗೋಡೆಯ ಮೇಲೆ ಬರೆದವಳು ನಾನು. ಭಾಗ್ಯಮ್ಮ ಮೊದಲ ದಿನವೇ ಹೇಳಿದ್ದಳು. ಸ್ವಾರ್ಥಿ ಅಂದೆನಲ್ಲ...

ಶಶಿಕುಮಾರ್ ಮುಖ ಕೆಳಗೆ ಹಾಕಿ ಅಂದರು, "ಮಾತು ಕೊಟ್ಟಿದ್ದೆ. ಮೇಲಿನೋರು ಕೇಳ್ತಿಲ್ಲ ರಾಚಮ್ಮ. ನಾಡಿದ್ದು ಎಚ್‌ಆರ್ ಬರ್ತಾರೆ. ಈ ಹೆಂಗಸ್ರೇ ಸಾಕ್ಷಿ ಹೇಳ್ಬಿಡ್ಲಿ, ಯಾರ್ಯಾರಿಗೆ ಎಷ್ಟೆಷ್ಟು ಹೊತ್ತು ಎತ್ತಿಕೊಟ್ಲು ಅಂತ."

ಅಷ್ಟೇ ತಾನೆ? ಮೂವತ್ತು ಬಾಯಿ ಇವೆ!

ಜುಲೈ 24, ಗುರುವಾರ

ಮೂವತ್ತು ಬಾಯಿಯೂ ಮುಚ್ಚಿದವು.

ಎಚ್‌ಆರ್ ಸಾಲಾಗಿ ಕೇಳಿದ. ಬೊಮ್ಮಮ್ಮ ನಿಮಗೆ ಎಷ್ಟು ಗಂಟೆ ಸಹಾಯ ಮಾಡಿದಳು? ನೆಲ ನೋಡಿದರು. "ಗೊತ್ತಿಲ್ಲ ಸಾ." "ಎಣಿಸ್ನಿಲ್ಲ ಸಾ." ಅವನು ಶೂನ್ಯ ಅಂತ ಬರೆದುಕೊಂಡ. ಕೊನೆಯ ವಾರದ ಸರಾಸರಿ ನೋಡಿ, ಮೂವತ್ತೊಂದನೇ ತಾರೀಖು ತೀರ್ಮಾನವಂತೆ.

ಅವನು ಹೋದ ಮೇಲೆ ಅರಚಿದೆ. ಗೇಟಿನ ಮುಂದೆ ಕೂಡ ಹಾಗೆ ಅರಚಿರಲಿಲ್ಲ. ಮಹದೇವಮ್ಮ ಮೂತಿ ಊದಿಸಿಕೊಂಡು ನಿಂತಿದ್ದಳು.

"ಮುಯ್ಯಿ ಮಾಡಿದ್ನ ಗಂಟೆ ಎಣಿಸಿ ಏಳಿದ್ರೆ ಅದು ಕೂಲಿ ಆಗೋಯ್ತದೆ ಕಣಕ್ಕ. ಅವಳ್ನ ಕೂಲಿಯೋಳು ಅಂತ ನಾವೇ ಅಂದಂಗಲ್ವಾ? ಅವಮಾನ."

ಮರ್ಯಾದೆ ಕೊಡಲು ಹೋಗಿ ಅನ್ನ ಕಿತ್ತರು. ಬೊಮ್ಮಮ್ಮನ ಕಡೆ ತಿರುಗಿದೆ. "ನೀನಾದ್ರೂ ಬಾಯಿ ಬಿಡಬಾರದಿತ್ತೇನೇ?" ತಲೆ ಅಲ್ಲಾಡಿಸಿದಳು. ಅವಳಿಗೂ ಅದೇ ಸರಿ!

ಜುಲೈ 25, ಶುಕ್ರವಾರ. ಊಟದ ಹೊತ್ತು

ಭಾಗ್ಯಮ್ಮ ಡಬ್ಬಿ ತೆಗೆಯಲಿಲ್ಲ. ಎಲ್ಲರ ನಡುವೆ ಎದ್ದು ನಿಂತಳು.

"ಅವಳು ಎದ್ಲು, ನಾನು ಕುಂತೆ. ಅದ್ಕೇ ನಾನ್ ಮೊದ್ಲು, ಅವಳು ಕೊನೆ. ಮುಯ್ಯಿ ಎಣಿಸಿ ಹೇಳಬಾರ್ದು, ಸರಿ. ತೀರ್ಸಬಾರ್ದು ಅಂತ ಯಾರಾದ್ರೂ ಅಂದವ್ರಾ?"

ಕೂತವರು ಡಬ್ಬಿ ಬಿಟ್ಟು ಅವಳ ಕಡೆ ತಿರುಗಿದರು.

"ನನ್ ಬಂಡ್ಲೆಲ್ಲ ಹದಿನೇಳಕ್ಕೆ ಹಾಕ್ತೀನಿ," ಅಂದಳು. "ಸರದಿ ಮೇಲೆ ಒಬ್ಬೊಬ್ರು ಹೋಗಿ ಅವಳ ಮಿಷನ್ ಹತ್ತಿ. ಇಬ್ರು ಎತ್ತಿಕೊಡಿ. ಅದು ನಿಲ್ಲಬಾರ್ದು."

ಮಹದೇವಮ್ಮ ತೊಡೆ ತಟ್ಟಿಕೊಂಡು ನಕ್ಕಳು. "ಲೇ ಭಾಗ್ಯಿ, ನಿನ್ ತಲೇಲಿ ಇಷ್ಟೊಂದ್ ಇತ್ತೇನೇ? ಬರೀ ಹೇನು ಅಂದ್ಕಂಡಿದ್ದೆ!"

ಭಾಗ್ಯಮ್ಮನ ಹತ್ತಿರ ಹೋಗಿ ಕ್ಷಮೆ ಕೇಳಿದೆ. "ಮೊದ್ಲು ಉಣ್ಣಕ್ಕ" ಅಂದಳು.

ಒಂದು ಗೆರೆ ಮಾತ್ರ ನಾನು ಹಾಕಿದೆ. ಊಟದ ಹೊತ್ತಿನಲ್ಲಿ, ಟೀ ಹೊತ್ತಿನಲ್ಲಿ ಯಾರೂ ಮಿಷನ್ ಮುಟ್ಟಬಾರದು. ಯಾರದೇ ಪ್ರೀತಿಗಾಗಲಿ, ಆ ಹೊತ್ತು ಬಿಟ್ಟುಕೊಡಂಗಿಲ್ಲ. ಅದಕ್ಕೆ ಹೋರಾಡಿ ಜೈಲಿಗೆ ಹೋಗಿ ಬಂದಿದ್ದೇನೆ.

ಜುಲೈ 28, ಸೋಮವಾರ

ಹದಿನೇಳನೇ ಮಿಷನ್ ಕಾದು ಬಿಸಿ. ಬಾಬಿನ್ ಬದಲಿಸುವಷ್ಟೇ ಬಿಡುವು. ಬೊಮ್ಮಮ್ಮ ಒಂದಿಷ್ಟು ಹೊತ್ತು ಹೊಲಿಯುತ್ತಾಳೆ, ಏಳುತ್ತಾಳೆ, ಇನ್ನೊಬ್ಬಳು ಕೂರುತ್ತಾಳೆ. ಎದ್ದ ಬೊಮ್ಮಮ್ಮ ಸುಮ್ಮನಿರುತ್ತಾಳಾ? ಓಡಿ ಹೋಗಿ ಕಾಲರ್ ತಿರುವುತ್ತಾಳೆ! ಬೈದು ಕೂರಿಸಿದೆ. ಮತ್ತೆ ಎದ್ದಳು.

ಲೈನು ಎಂಬತ್ತಾರು.

ಶಶಿಕುಮಾರ್ ಬೋರ್ಡಿನ ಮುಂದೆ ನಿಂತು ಹದಿನೇಳರ ಲೆಕ್ಕ ಎರಡು ಸಲ ಓದಿದರು. ನನ್ನ ಕಡೆ ತಿರುಗಿದರು. ನಾನು ಸೂರು ನೋಡಿದೆ.

ಜುಲೈ 31, ಗುರುವಾರ. ನಾಲ್ಕು ಗಂಟೆ, ಬೋರ್ಡಿನ ಪಕ್ಕ ನಿಂತೇ ಬರೆಯುತ್ತಿದ್ದೇನೆ

ಶಶಿಕುಮಾರ್ ಲೈನಿನ ನಡುವೆ ನಿಂತು ಬೆಂಗಳೂರಿಗೆ ಫೋನು ಮಾಡಿದರು. ಬೇಕೆಂದೇ, ಎಲ್ಲರಿಗೂ ಕೇಳುವ ಹಾಗೆ.

"ಸಾರ್, ಹದಿನೇಳನೇ ಮಿಷನ್ ಈ ವಾರ ಫ್ಲೋರಿಗೇ ಫಸ್ಟು... ಹೌದು ಸಾರ್, ಅದೇ ಬೊಮ್ಮಮ್ಮ... ಕೊನೇಲಿ? ಕೊನೇಲಿ ಭಾಗ್ಯಮ್ಮ. ಹೌದು, ಹೋದ ವಾರದ ಫಸ್ಟು. ರೂಲ್ ಪ್ರಕಾರ ಈಗ ಅವರನ್ನ ಕಳಿಸ್ಬೇಕು. ಕಳಿಸ್ಬಿಡ್ಲಾ ಸಾರ್?"

ಭಾಗ್ಯಮ್ಮ ಕತ್ತರಿ ಕೆಳಗಿಟ್ಟಳು. ಇದನ್ನು ಯೋಚಿಸಿರಲಿಲ್ಲ ನಾನು. ಅವಳು ಯೋಚಿಸಿದ್ದಳು. ಮುಖ ನೋಡಿದರೇ ಗೊತ್ತು, ಶುಕ್ರವಾರವೇ ಯೋಚಿಸಿದ್ದಳು.

ಶಶಿಕುಮಾರ್ ಫೋನು ಇನ್ನೊಂದು ಕಿವಿಗೆ ಬದಲಿಸಿದರು. ಮೂವತ್ತೊಂದು ಮಿಷನ್ನೂ ನಿಂತವು.

"...ಹ್ಞೂಂ ಸಾರ್. ಒಬ್ಬೊಬ್ರ ಲೆಕ್ಕ ವಾರಕ್ಕೊಂದ್ ಥರ ಸಾರ್, ಲೈನು ಮಾತ್ರ ಎಂಬತ್ತಾರು. ಹ್ಞೂಂ. ಸರಿ ಸಾರ್."

ಫೋನು ಜೇಬಿಗೆ ಹಾಕಿದರು. ಡಸ್ಟರ್ ಹುಡುಕಿದರು, ಸಿಗಲಿಲ್ಲ. ಅಂಗಿಯ ತೋಳಲ್ಲೇ ಬೋರ್ಡು ಒರೆಸಿದರು, ಹೆಸರು, ಲೆಕ್ಕ, ಎಲ್ಲ. 86 ಅಂತ ಒಂದೇ ಬರೆದರು. "ಯಾರನ್ನೂ ಕಳಿಸಂಗಿಲ್ಲ. ಈ ತಿಂಗಳಿಗೆ ಮಾತ್ರ. ಮುಂದಿನ ವಾರ ಅವರೇ ಬಂದು ನೋಡ್ತಾರಂತೆ. ಇನ್ಮೇಲೆ ಈ ಲೈನಿಗೆ ಒಂದೇ ಲೆಕ್ಕ ರಾಚಮ್ಮ."

ಕತ್ತರಿಗಳ ತಾಳ. ಕಿವಿ ಹರಿಯುತ್ತಿದೆ. ಮಹದೇವಮ್ಮ ಭಾಗ್ಯಮ್ಮನನ್ನು ತಬ್ಬಿಕೊಂಡು ಬೈಯುತ್ತಿದ್ದಾಳೆ. ಈ ತಿಂಗಳಿಗೆ ಮಾತ್ರವಂತೆ! ಬರಲಿ, ನೋಡಲಿ. ಪುಟ್ಟಿಯನ್ನು ವಾಪಸ್ ಕರೆತರಲು ಭಾನುವಾರವೇ ಅವಳ ಊರಿಗೆ ಹೋಗಬೇಕು. ಹಾಡಿಯ ಆ ಆರು ಹುಡುಗಿಯರ ಅರ್ಜಿ —

ಬೊಮ್ಮಮ್ಮ ಬಂದು ಪಕ್ಕದಲ್ಲಿ ನಿಂತಳು. ಈ ತಿಂಗಳಲ್ಲಿ ಮೊದಲ ಸಲ ಅವಳಾಗಿ ಮಾತಾಡಿದಳು.

"ಅಕ್ಕ, ನನ್ ಮಿಷನ್ಗೆ ಎಲ್ರೂ ಕುಂತಾಯ್ತು. ನೀವೊಬ್ರು ಬಾಕಿ."

"ನಾನಾ? ಮಿಷನ್ ಬಿಟ್ಟು ಎಂಟು ವರ್ಷ ಆಯ್ತು ಕಣೇ."

"ನಾನ್ ಎತ್ತಿಕೊಡ್ತೀನಿ ಬನ್ನಿ."

ಕೋಟು ಬಿಚ್ಚಿ ಬೋರ್ಡಿಗೆ ನೇತು ಹಾಕಿದೆ. ಜೇಬು ಹೊಲಿಯುವುದು ಮೇಲಿಂದ ಶುರುವೋ ಕೆಳಗಿಂದಲೋ ಅದೂ ಮರೆತಿದೆ. ಎಲ್ಲರೂ ನನ್ನನ್ನೇ ನೋಡುತ್ತಾ ನಗುತ್ತಿದ್ದಾರೆ. ಅವಳು ಬಟ್ಟೆ ಹಿಡಿದು ಎಡಕ್ಕೆ ನಿಂತಾಯಿತು, ಪೆನ್ನು ಕಿತ್ತುಕೊಳ್ಳಲು ಅವಳ ಇನ್ನೊಂದು ಕೈ —