ಮಧ್ಯಾಹ್ನದ ಮೇಲಿನ ಮುಖ

ಜೂನ್ 12, 1999. ಶನಿವಾರ

ಐದೂವರೆಗೆ ಗುಳಿಗೆ. ಆರು ಹತ್ತಕ್ಕೆ ರೆಪ್ಪೆ ಪೂರ್ತಿ ತೆರೆಯಿತು. ತಲೆ ಬಾಚಿಕೊಂಡೆ — ಅರ್ಧ. ಕೈ ಎತ್ತಿ ಹಿಡಿಯುವುದು ಎರಡು ಸಲಕ್ಕಿಂತ ಹೆಚ್ಚು ಆಗುವುದಿಲ್ಲ. ಉಳಿದ ಜಡೆ ಭಕ್ತಿ ಹಾಕಿದಳು. ಇಪ್ಪತ್ತೆರಡರ ಮಗಳು ನಲವತ್ತೈದರ ತಾಯಿಗೆ ಜಡೆ ಹಾಕುವುದು. ಇಬ್ಬರೂ ಮಾತಾಡಲಿಲ್ಲ. ಇರುವಷ್ಟು ಮಾತು ಸಾಲಿಯ ಮಕ್ಕಳಿಗೆ ಬೇಕು.

ಶನಿವಾರ ಮುಂಜಾನೆ ಸಾಲಿ, ಅದೊಂದು ಪುಣ್ಯ. ಗೋಕಾಕದಿಂದ ಮೇಲವಂಕಿ ಬಸ್ಸಿನಲ್ಲಿ ಸೀಟು ಸಿಕ್ಕಿತು. ನನ್ನ ವರ್ಗ, ಒಂದನೇತ್ತದ ಮಕ್ಕಳಿಗೆ ಪದ್ಯ ಹೇಳಿಕೊಟ್ಟೆ. ಮೂರು ಸಲ ಸರಿಯಾಗಿ ಬಂತು. ನಾಲ್ಕನೇ ಸಲಕ್ಕೆ ಧ್ವನಿ ಮೂಗಿಗೆ ಏರಿತು. ಮಕ್ಕಳು ಪದ್ಯ ಇರುವುದೇ ಹಾಗೆ ಅಂದುಕೊಂಡು ನಲವತ್ತೂ ಜನ ಮೂಗಿನಲ್ಲೇ ಹಾಡಿದರು. ನಗು ಬಂತು. ಬಂತು ಅಂದರೆ ಒಳಗೆ. ಹೊರಗೆ ತುಟಿಯ ತುದಿ ಏಳಲಿಲ್ಲ, ಮೇಲಿನ ತುಟಿ ಅಷ್ಟೇ ಎದ್ದು ಹಲ್ಲು ಕಂಡವು. ಮುಂದಿನ ಸಾಲಿನ ಹುಡುಗಿ ಹಿಂದೆ ಸರಿದು ಕುಳಿತಳು.

ಬಾಜೂ ವರ್ಗದ ಸಾವಿತ್ರಕ್ಕ ಬಂದು ಎರಡೂ ವರ್ಗ ಕೂಡಿಸಿ ಮಗ್ಗಿ ಹೇಳಿಸಿದರು. ನಾನು ಕುರ್ಚಿಯಲ್ಲಿ. ಪಗಾರ ತಗೊಂಡು ಕುರ್ಚಿಯಲ್ಲಿ ಕೂಡುವ ಶಿಕ್ಷಕಿ, ಬಾಯಾರು.

ಜೂನ್ 13, ರವಿವಾರ

ಏನೂ ಮಾಡಲಿಲ್ಲ. ಮಾಡದೆ ಇರುವುದನ್ನೂ ಕಲಿಯಬೇಕಾಗಿದೆ.

ಹೋದ ದೀಪಾವಳಿಯ ಹೊತ್ತಿಗೆ ಇದು ಸುರುವಾದದ್ದು. ಒಬ್ಬ ಡಾಕ್ಟರು ಅಶಕ್ತತನ ಅಂದು ಟಾನಿಕ್ ಕೊಟ್ಟರು. ಇನ್ನೊಬ್ಬರು ಕಣ್ಣು ಅಂದರು. ಮತ್ತೊಬ್ಬರು — ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳಬ್ಯಾಡ್ರಿ ಅಂತ. ಮಿರಜದ ಡಾಕ್ಟರು ಒಂದರಿಂದ ಐವತ್ತರ ತನಕ ಜೋರಾಗಿ ಎಣಿಸಿ ಅಂದರು. ಇಪ್ಪತ್ತೆಂಟಕ್ಕೆ ಧ್ವನಿ ಹೋಯಿತು. ಸಾಕು, ಗೊತ್ತಾಯಿತು ಅಂದರು. ಮಯಸ್ಥೇನಿಯಾ. ನರ ಹೇಳಿದ್ದು ಸ್ನಾಯುವಿಗೆ ಮುಟ್ಟದಂತೆ ನನ್ನ ಮೈಯೇ ನಡುವೆ ಅಡ್ಡ ನಿಂತಿದೆಯಂತೆ. ಬಳಸಿದಷ್ಟೂ ಸೋಲುತ್ತದೆ, ಬಿಟ್ಟರೆ ಸ್ವಲ್ಪ ತಿರುಗಿ ಬರುತ್ತದೆ.

"ದಣದ ಮ್ಯಾಲ ಕೂಡೂದಲ್ಲ ಬಾಯಾರ. ದಣಿಯೂದಕ್ಕಿಂತ ಮೊದಲ ಕೂಡ್ರಿ," ಅಂದರು ಡಾಕ್ಟರು.

ಇದೇ ಕಷ್ಟ. ಚೆನ್ನಾಗಿರುವಾಗ ಕುಳಿತರೆ ನೋಡುವವರಿಗೆ ಆಲಸ್ಯ. ನನಗೂ.

ಜೂನ್ 16, ಬುಧವಾರ

ನಮ್ಮ ಯಜಮಾನರ ಚುಲತ ಅಣ್ಣ, ದೊಡ್ಡಪ್ಪನ ಮಗ ಬಾಪುಸಾಹೇಬ ಕಾಕಾ, ಭಕ್ತಿಗೆ ವರನ ಸ್ಥಳ ತಂದಿದ್ದಾರೆ. ಕಣಗಲಾದವರು. ಹುಡುಗ ಸಮ್ಮೇದ, ಸಂಕೇಶ್ವರದಲ್ಲಿ ಸೊಸಾಯಿಟಿ ಬ್ಯಾಂಕಿನಲ್ಲಿ ಕ್ಲಾರ್ಕ್. ಹೊಲ ಇದೆ, ಮನೆತನ ಒಳ್ಳೆಯದು. ಭಕ್ತಿಗೆ ಫೋಟೋ ತೋರಿಸಿದೆವು. ಹೂಂ ಅನ್ನಲಿಲ್ಲ, ಫೋಟೋ ವಾಪಸ್ ಕೊಡಲೂ ಇಲ್ಲ.

ಚಾತುರ್ಮಾಸ ಕೂಡುವುದರೊಳಗೆ ಮಾತು ಮುಗಿಸಬೇಕೆಂದು ಎಲ್ಲರಿಗೂ ಗಡಿಬಿಡಿ. ನಾನು ನನ್ನ ಬ್ಯಾನಿಯ ವಿಷಯ ಮೊದಲೇ ಹೇಳಿಬಿಡೋಣ ಅಂದೆ. ಇವರು ಪಾತ್ರೆ-ಬಾಂಡೆ ಅಂಗಡಿಯ ಬಾಗಿಲು ಹಾಕಿ ಬಂದು ಆಗಷ್ಟೇ ಕುಳಿತಿದ್ದರು. ಮೊದಲು ಹುಡುಗಿ ನೋಡಲಿ, ಆಮೇಲೆ ಹೇಳಿದರಾಯಿತು ಅಂದರು. ಹೆಸರೇ ಹೆದರಿಸುವ ಹಾಗಿದೆ, ಕೇಳಿದವರು ಏನೇನೋ ತಿಳಿಯುತ್ತಾರೆ ಅಂತ. ವಾದ ಮಾಡಬಹುದಿತ್ತು. ಸಂಜೆ ಏಳು. ನಾಲಿಗೆ ದಪ್ಪಗಾಗಿತ್ತು. ಬಿಟ್ಟೆ.

ಈಗೀಗ ಎಷ್ಟೋ ವಾದಗಳನ್ನು ನಾಲಿಗೆಯ ಸಲುವಾಗಿ ಸೋಲುತ್ತಿದ್ದೇನೆ.

ಜೂನ್ 27, ರವಿವಾರ. ಮುಂಜಾನೆ 10.40

ಹನ್ನೊಂದಕ್ಕೆ ಬರುತ್ತಾರೆ. ಎದ್ದಾಗಿನಿಂದ ಮಾತಾಡಿಲ್ಲ. ಅಡುಗೆ ಭಕ್ತಿ ಮತ್ತು ಬಾಜೂ ಮನೆಯ ಚನ್ನವ್ವ ಮಾಡಿದರು. ಗುಳಿಗೆ ಈಗ ತಗೊಂಡೆ. ಕನ್ನಡಿ ನೋಡಿದೆ — ನಕ್ಕೆ. ಸರಿಯಾಗಿ ಬಂತು. ಹನ್ನೊಂದರಿಂದ ಒಂದೂವರೆ, ಅಷ್ಟು ಹೊತ್ತು ಮನುಷ್ಯಳಾಗಿ ಇರಬಲ್ಲೆ.

ಸಂಜೆ

ಬಂದದ್ದು ಮೂರೂವರೆಗೆ. ಹುಕ್ಕೇರಿಯಲ್ಲಿ ಯಾರದೋ ಮನೆಗೆ ಹೋಗಿ ಊಟಕ್ಕೆ ನಿಂತರಂತೆ. ಎರಡನೇ ಗುಳಿಗೆ ತಗೊಂಡೆ, ಹಿಡಿಯಲಿಲ್ಲ. ಎಡಗಣ್ಣು ಅರ್ಧ ಮುಚ್ಚಿತ್ತು. ಹುಡುಗನ ತಾಯಿ ಸುಗಂಧಾಬಾಯಿ, ದೊಡ್ಡ ಕುಂಕುಮ, ಮೆತ್ತಗಿನ ಮಾತು, ನನ್ನ ಎದುರಿಗೇ ಕುಳಿತರು. ತಡವಾಯಿತೆಂದು ಕೈ ಹಿಡಿದು ಹೇಳಿಕೊಂಡರು. ನಗಬೇಕೆಂದು ನೋಡಿದೆ. ಹಲ್ಲು ಕಂಡವು. ಅವರ ಕೈ ಸಡಿಲಾಯಿತು. ಏನೋ ಕೇಳಿದರು, ಎರಡು ಶಬ್ದದಲ್ಲಿ ಉತ್ತರ ಕೊಟ್ಟೆ, ಅದೂ ಮೂಗಿನಲ್ಲಿ. ಆಮೇಲೆ ಅವರು ನನ್ನ ಕಡೆ ತಿರುಗಲಿಲ್ಲ. ಅವಲಕ್ಕಿ ತಾಟು ಹಾಗೇ ಇಟ್ಟು ಎದ್ದರು.

ಹುಡುಗ ಮಾತ್ರ ಹೊಸ್ತಿಲಲ್ಲಿ ಒಮ್ಮೆ ತಿರುಗಿ ಭಕ್ತಿಯನ್ನು ನೋಡಿದ.

ಜುಲೈ 2, ಶುಕ್ರವಾರ

ಕಾಕಾ ಅಂಗಡಿಗೆ ಫೋನ್ ಮಾಡಿದ್ದರು. ಹುಡುಗಿ ಮನಸ್ಸಿಗೆ ಬಂದಾಳ, ಆದರೆ ಹುಡುಗಿಯ ತಾಯಿಗೆ ನಮ್ಮ ಮನಿ ಮನಸ್ಸಿಗೆ ಬಂದಿಲ್ಲ, ಮಾರಿ ಕಿವುಚಿಕೊಂಡು ಕುಂತಿದ್ದರು, ಅಂಥಲ್ಲಿ ಬೀಗತನ ಬ್ಯಾಡ — ಹೀಗಂತ ಕಣಗಲಾದವರು ಅಂದರಂತೆ.

ಇವರು ಕಾಕಾಗೆ, ಅವತ್ತು ರಾಜಮತಿಗೆ ಹಲ್ಲುನೋವು ಇತ್ತು ಅಂತ ಹೇಳಿಬಿಟ್ಟರಂತೆ. ನನಗೆ ಒಮ್ಮೆಲೇ ಅಳು ಬಂತು. ಅತ್ತರೆ ಗಂಟಲು ಸೋಲುತ್ತದೆ, ಆಮೇಲೆ ಎರಡು ತಾಸು ನೀರೂ ಇಳಿಯುವುದಿಲ್ಲ. ಜೈನರ ಮನೆ, ಸೂರ್ಯ ಮುಳುಗುವ ಮೊದಲು ಊಟ ಮುಗಿಸಬೇಕು. ಅಳುವುದೋ ಉಣ್ಣುವುದೋ. ಉಂಡೆ.

ಭಕ್ತಿ ಹೋಗಲಿ ಬಿಡವ್ವಾ ಅಂದಳು. ಅವಳ ಪುಸ್ತಕದಲ್ಲಿ ಆ ಫೋಟೋ ಇನ್ನೂ ಇದೆ.

ಜುಲೈ 9, ಶುಕ್ರವಾರ

ಏಳು ದಿನ ಬರೆದಿಲ್ಲ. ಸಾಲಿ, ಮನೆ, ಹಾಸಿಗೆ. ಯಾರ ಎದುರಿಗೂ ನಿಲ್ಲಲು ಮನಸ್ಸಿಲ್ಲ. ಮಾತಾಡಿಸಿದವರಿಗೆಲ್ಲ ನನ್ನ ಮುಖ ಏನೇನು ಹೇಳುತ್ತಿದೆಯೋ. ನಾನು ಹೇಳದೇ ಇದ್ದದ್ದನ್ನು ಅದು ಹೇಳುತ್ತದೆ.

ರವಿವಾರ ಹೋಗುತ್ತೇನೆ, ಕಣಗಲಾಕ್ಕೆ. ಇವರಿಗೆ ಹೇಳುವುದಿಲ್ಲ. ಹೇಳಿದರೆ ಬಿಡುವುದಿಲ್ಲ.

ಜುಲೈ 12, ಸೋಮವಾರ

ಸಾಲಿಗೆ ರಜೆ ಹಾಕಿದ್ದೇನೆ. ಮಲಗಿಕೊಂಡೇ ಬರೆಯುತ್ತಿದ್ದೇನೆ. ಸ್ವಲ್ಪ ಬರೆದು, ಸ್ವಲ್ಪ ಬಿಟ್ಟು.

ನಿನ್ನೆ ಮೊದಲನೇ ಬಸ್. ಹುಕ್ಕೇರಿಯಲ್ಲಿ ಬದಲಿ, ಸಂಕೇಶ್ವರದಲ್ಲಿ ಬದಲಿ. ಕಂಡಕ್ಟರನಿಗೂ ಚೀಟಿಯ ಮೇಲೆ ಊರು ಬರೆದು ತೋರಿಸಿದೆ. ಮೂಕಿ ಅಂದುಕೊಂಡು ಸೀಟು ಕೊಡಿಸಿದ. ದಾರಿಯುದ್ದಕ್ಕೂ ನಾಲ್ಕು ವಾಕ್ಯ ಜೋಡಿಸಿದೆ. ನಾಲ್ಕಕ್ಕಿಂತ ಹೆಚ್ಚು ಬೇಡ.

ಹತ್ತು ಗಂಟೆ. ಗಂಡಸರು ಹೊಲಕ್ಕೆ ಹೋಗಿದ್ದರು. ಸುಗಂಧಾಬಾಯಿ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದರು. ನನ್ನನ್ನು ನೋಡಿ ಎದ್ದರು, ಕುಳಿತುಕೊಳ್ಳಿ ಅನ್ನಲಿಲ್ಲ. ನಾನೇ ಕುಳಿತೆ.

"ನನಗೊಂದು ಬ್ಯಾನಿ ಐತ್ರಿ. ಅವತ್ತ ನನಗ ಸಿಟ್ಟು ಬಂದಿದ್ದಿಲ್ಲ. ಮಧ್ಯಾಹ್ನದ ಮ್ಯಾಲ ನನ್ನ ಮಾರಿ ನಾ ಹೇಳಿದ್ದು ಕೇಳೂದಿಲ್ಲ. ನಿಮಗ ಮೊದಲ ಹೇಳದ ಇದ್ದದ್ದು ನಮ್ಮ ತಪ್ಪ."

ಅವರು ಹಿಟ್ಟು ನಾದುತ್ತಲೇ ಇದ್ದರು. ನಂಬಲಿಲ್ಲ ಅನ್ನಿಸಿತು. ತಲೆ ಎತ್ತಿ ಜಂತಿ ನೋಡುತ್ತ ಕುಳಿತೆ. ಡಾಕ್ಟರು ಹಾಗೇ ಪರೀಕ್ಷೆ ಮಾಡಿದ್ದರು. ಒಂದು ನಿಮಿಷ ಆಗಿರಬೇಕು, ರೆಪ್ಪೆ ತಾನಾಗಿ ಇಳಿಯತೊಡಗಿತು. ಅವರ ಕೈ ನಿಂತಿತು.

"ಮಗಳಿಗೂ ಬರತೈತೇನ್ರಿ?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಡಾಕ್ಟರು ಹಾಗೆ ತಾಯಿಯಿಂದ ಮಗಳಿಗೆ ಬರುವ ರೋಗ ಅಲ್ಲ ಅಂದಿದ್ದಾರೆ ಅಂತ ಹೇಳಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಅಂತ ಆಣೆ ಮಾಡಿ ಹೇಳುವುದು ಯಾರಿಂದಲೂ ಆಗುವುದಿಲ್ಲ ಅಂತಲೂ ಹೇಳಿದೆ.

ಅವರು ಹಿಟ್ಟಿನ ಮುದ್ದೆಗೆ ಬಟ್ಟೆ ಮುಚ್ಚಿದರು.

"ನಾ ಮನಿಗೆ ಬಂದು ಅತ್ತೆನ್ರಿ ಅವತ್ತ," ಅಂದರು. "ನಾ ನಾಲ್ಕನೇತ್ತಾ ಕಲತಾಕಿ. ನೀವು ಸಾಲಿ ಕಲಿಸೂ ಬಾಯಾರು. ನನ್ನ ನೋಡಿ ಹೇಸಿಗಿ ಪಟ್ಟರಿ ಅಂತ ತಿಳದೆ."

ಹದಿನೈದು ದಿನ ನನ್ನ ನೋವೊಂದೇ ನೋವು ಅಂದುಕೊಂಡಿದ್ದೆ. ಅವರ ಕೈ ಹಿಟ್ಟಾಗಿತ್ತು, ಅದನ್ನೇ ಹಿಡಿದುಕೊಂಡೆ.

ಅನ್ನ ಹಾಲು ಕಲಸಿ ಮೆತ್ತಗೆ ಮಾಡಿ ಕೊಟ್ಟರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದರು. ಅಷ್ಟೇ.

ವಾಪಸ್ಸು ಸಂಕೇಶ್ವರದಲ್ಲಿ ಬಸ್ ತಪ್ಪಿತು. ಎರಡು ತಾಸು ಮಳೆಯ ಎರಚಲಲ್ಲಿ ಕುಳಿತೆ. ಮನೆ ಮುಟ್ಟಿದಾಗ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಇವರಿಗೆ ಗೊತ್ತಾಗಿತ್ತು. ಮೈ ಮೇಲೆ ಚಾದರ ಹೊದಿಸಿ "ನನಗೊಂದ ಮಾತ ಹೇಳಬೇಕಿತ್ತ ರಾಜಮತಿ" ಅಂದರು. ದವಡೆ ಏಳಲಿಲ್ಲ, ಸುಮ್ಮನಿದ್ದೆ. ನಾನು ಸಿಟ್ಟಿನಿಂದ ಸುಮ್ಮನಿದ್ದೇನೆ ಅಂದುಕೊಂಡು ಎದ್ದು ಹೋದರು.

ಜುಲೈ 14, ಬುಧವಾರ

ನೆಗಡಿ. ಜ್ವರ. ಕುಡಿದ ನೀರು ಮೂಗಿನಿಂದ ಬಂತು. ಮಲಗಿದರೆ ಉಸಿರು ಸಾಲದು, ಕುಳಿತರೆ ತಲೆ ನಿಲ್ಲದು... ಇವರು ಗಾಡಿ ತರಲು

ಆಗಸ್ಟ್ 6, ಶುಕ್ರವಾರ

ನಿನ್ನೆ ಮಿರಜದಿಂದ ಬಂದೆವು. ಇಪ್ಪತ್ತೆರಡು ದಿನ. ಅದರಲ್ಲಿ ಐದು ದಿನ ಗಂಟಲಲ್ಲಿ ನಳಿಗೆ, ಯಂತ್ರ ಉಸಿರಾಡಿತು. ಆ ಐದು ದಿನದಲ್ಲಿ ಒಂದು ಹೊತ್ತು ಅನ್ನಿಸಿತು — ಇಷ್ಟಕ್ಕೇ ಬಿಟ್ಟರೆ ಎಷ್ಟು ಆರಾಮ. ಹೆದರಿಕೆ ಆಗಲಿಲ್ಲ. ಈಗ ನೆನೆದರೆ ಆಗುತ್ತಿದೆ.

ಇವರು ಅಂಗಡಿ ಮುಚ್ಚಿ ಬಾಜೂದಲ್ಲೇ ಕುಳಿತಿದ್ದರು. ನನ್ನ ಬೆರಳು ತಮ್ಮ ಅಂಗೈಯಲ್ಲಿ ಬರೆದದ್ದನ್ನು ಓದುವುದನ್ನು ಕಲಿತರು. ನಾನು ಬರೆದ ಮೊದಲ ಮಾತು: ಸಿಟ್ಟಿಲ್ಲ. ಓದಿ ಹೊರಗೆ ಹೋದರು, ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದರು. ಆಮೇಲೆ ನೋಡಲು ಬಂದವರಿಗೆಲ್ಲ ರೋಗದ ಪೂರ್ತಿ ಹೆಸರು ತಾವೇ ಹೇಳುತ್ತಿದ್ದರು. ಕಾಕಾಗೂ ಹೇಳಿದರು. ಹಲ್ಲುನೋವು ಸುಳ್ಳು ಅಂತಲೂ.

ಭಕ್ತಿ ಬೇರೆಯಾಗಿದ್ದಾಳೆ. ಗುಳಿಗೆ ತಪ್ಪದೆ ಕೊಡುತ್ತಾಳೆ, ಹಾಸಿಗೆ ಕೊಡವುತ್ತಾಳೆ, ಕಣ್ಣು ಕೊಡುವುದಿಲ್ಲ. ಇವತ್ತು ಬಾಗಿಲ ಕಡೆ ಮುಖ ಮಾಡಿಕೊಂಡು ಹೇಳಿದಳು, "ನಾ ಮದವಿ ಆಗೂದಿಲ್ಲವ್ವಾ. ನನ್ನ ಸಲುವಾಗಿ ನೀ ಸಾಯೂದು ಬ್ಯಾಡ."

ಆಗಸ್ಟ್ 10, ಮಂಗಳವಾರ

ರಜೆ ಇನ್ನೂ ಇದೆ. ಆದರೂ ಇವರ ಜೊತೆ ಸಾಲಿಗೆ ಹೋಗಿ ಹೆಡ್ ಮಾಸ್ತರಿಗೆ ಅರ್ಜಿ ಕೊಟ್ಟು ಬಂದೆ. ಒಂದನೇತ್ತ ಸಾವಿತ್ರಕ್ಕನಿಗೆ. ನನಗೆ ದೊಡ್ಡ ಮಕ್ಕಳ ಬರವಣಿಗೆ, ಆಫೀಸಿನ ರಜಿಸ್ಟರ್. ಯಾರೂ ಒತ್ತಾಯ ಮಾಡಲಿಲ್ಲ, ನಾನೇ ಕೇಳಿದ್ದು. ಹೆಡ್ ಮಾಸ್ತರು ಹೌದೋ ಅಲ್ಲವೋ ಎಂದು ಎರಡು ಸಲ ಕೇಳಿದರು.

ಸಹಿ ಮಾಡುವಾಗ ಗೋಡೆಯ ಆ ಕಡೆ ಒಂದನೇತ್ತದ ಮಕ್ಕಳು ಓದುತ್ತಿದ್ದರು. ಹದಿನೇಳು ವರ್ಷ ಅವರಿಗೆ ಮೊದಲ ಅಕ್ಷರ ಹೇಳಿಕೊಟ್ಟವಳು ನಾನು. ನಿಂತು ಕೇಳಬೇಕೆನ್ನಿಸಿತು. ನಿಲ್ಲಲಿಲ್ಲ. ಬಸ್ಸಿನಲ್ಲಿ ಇವರ ಭುಜಕ್ಕೆ ತಲೆ ಇಟ್ಟೆ, ಊರು ಬರುವ ತನಕ.

ಆಗಸ್ಟ್ 22, ರವಿವಾರ. ಮಧ್ಯಾಹ್ನ 1

ಮುಂಜಾನೆ ಎಂಟೂವರೆಗೆ ಸುಗಂಧಾಬಾಯಿ ಬಂದರು, ಜೊತೆಗೆ ಸಮ್ಮೇದ. ಮುಂಚೆ ಹೇಳಿ ಕಳಿಸಿರಲಿಲ್ಲ. ನನ್ನ ಜಡೆ ಅರ್ಧ ಬಿಚ್ಚಿತ್ತು, ನೈಟಿಯಲ್ಲಿದ್ದೆ. ಎದ್ದು ಕುಳಿತು ತುಟಿ ಎತ್ತಲು ನೋಡಿದೆ. ಅವರು ನನ್ನ ಹಾಸಿಗೆಯ ಮೇಲೇ ಕುಳಿತರು.

"ನಗಬ್ಯಾಡ್ರಿ. ನನ್ನ ಮುಂದ ನಗಬ್ಯಾಡ್ರಿ ಇನ್ನ, ಸುಮ್ನ ದಣೀತೀರಿ."

ಹತ್ತು ತಿಂಗಳಲ್ಲಿ ಯಾರೂ ಹೀಗೆ ಅಂದಿರಲಿಲ್ಲ. ಮುಖವನ್ನು ಹಾಗೇ ಬಿಟ್ಟೆ. ಅದು ಎಲ್ಲಿ ಬೀಳುತ್ತದೋ ಅಲ್ಲಿ ಬೀಳಲಿ ಅಂತ.

ಅವರ ಮನೆಯಲ್ಲಿ ಒಂದು ತಿಂಗಳು ಜಗಳ ಆಯಿತಂತೆ. ಸುಗಂಧಾಬಾಯಿಯ ಮಾವನವರು ಬೇಡ ಅಂದರಂತೆ. ರೋಗದ ಮನಿ ಅಂತ. ಸಮ್ಮೇದ ತಾನೇ ಮಿರಜಕ್ಕೆ ಹೋಗಿ ಡಾಕ್ಟರನ್ನು ಕಂಡು ಕೇಳಿಕೊಂಡು ಬಂದನಂತೆ. ನಾವು ಅಲ್ಲಿ ಇದ್ದ ದಿನಗಳಲ್ಲೇ, ಮೇಲೆ ನಮ್ಮ ವಾರ್ಡಿಗೆ ಬರದೆ. ಸುಗಂಧಾಬಾಯಿ ಮನೆಯವರಿಗೆ ಹೇಳಿದ್ದು: ಸುಳ್ಳು ಹೇಳಿ ಕೊಟ್ಟಿದ್ದರೆ ನಮಗೇನು ತಿಳಿಯುತ್ತಿತ್ತು, ಎದ್ದು ಬಂದು ಹೇಳಿದಾಕಿಯ ಮಗಳು ನನಗ ಬೇಕು. ಮಾವನವರು ಇನ್ನೂ ಬಾಯಿ ತುಂಬ ಹೂಂ ಅಂದಿಲ್ಲ. ಆದರೆ ದೀಪಾವಳಿ ಮುಗಿದ ಮೇಲೆ ಸಾಖರಪುಡಾ, ನಿಶ್ಚಯ, ಇಟ್ಟುಕೊಳ್ಳಿ ಅಂದಿದ್ದಾರೆ.

ಇವರು ಭಕ್ತಿಯನ್ನು ಕೇಳಿ ಅಂದರು. ಭಕ್ತಿ ಪಡಸಾಲೆಯಲ್ಲಿ ಸಮ್ಮೇದನ ಜೊತೆ ಮಾತಾಡುತ್ತಿದ್ದಳು. ಏನು ಮಾತೋ ಕೇಳಿಸಲಿಲ್ಲ. ಅವಳ ಧ್ವನಿ ಒಮ್ಮೆ ಏರಿತು, ಅವನದು ಏರಲಿಲ್ಲ. ಒಳಗೆ ಬಂದು ನಿಂತಳು. ವಾರಕ್ಕೊಮ್ಮೆ ಗೋಕಾಕಕ್ಕೆ ಬರುತ್ತೇನೆ, ಅದಕ್ಕೆ ಯಾರೂ ಬೇಡ ಅನ್ನಬಾರದು, ಹಾಗಿದ್ದರೆ ಆಗಲಿ ಅಂದಳು. ತಾಯಿ ಮಗ ಇಬ್ಬರೂ ಒಪ್ಪಿ ಹೋದರು.

ಎಲ್ಲ ಬರೆಯಬೇಕೆಂದು ಕುಳಿತೆ. ಖುಷಿ ಅನ್ನಬೇಕೋ ಏನೋ, ಸುಸ್ತು ಅದನ್ನು ಮೇಲೆ ಬರಗೊಡುತ್ತಿಲ್ಲ. ಬರಲಿ, ಅದರ ಹೊತ್ತಿಗೆ. ಬೆರಳು ಸಡಿಲಾಗುತ್ತಿವೆ. ಧ್ವನಿ ಇನ್ನೂ ಸ್ವಲ್ಪ ಇದೆ, ಹತ್ತು ನಿಮಿಷದ್ದು ಇರಬಹುದು.

ಭಕ್ತಿ ಬಂದು ಕಾಲ ಹತ್ತಿರ ಕುಳಿತಿದ್ದಾಳೆ. ತಿಂಗಳಿನ ಮೇಲೆ ಮೊದಲ ಸಲ ನನ್ನ ಮುಖ ನೋಡುತ್ತಿದ್ದಾಳೆ, ಇಳಿದ ರೆಪ್ಪೆಯ ಈ ಮುಖ. "ಅವ್ವಾ, ಅವತ್ತ ಕಣಗಲಾದಾಗ ನೀ ಏನಂದಿ, ಹೇಳ" ಅನ್ನುತ್ತಿದ್ದಾಳೆ.

ಬರೆಯುವುದು ಸಾಕು. ಉಳಿದ ಧ್ವನಿ ಇವಳಿಗೆ.