ಕೆಳಗಿನ ಹೊಲಕ್ಕೆ ಹೊಸ ಹುಲ್ಲು

ಮಿಲ್ಲರ್ಸ್‌ಬರ್ಗ್, ಕೆಂಟಕಿ
ಸೆಪ್ಟೆಂಬರ್ ೨೬, ೧೯೮೪

ನನ್ನ ಮಗಳು ರೋವೀನಾಗೆ,

ಹೇಗಿದ್ದೀಯಮ್ಮಾ? ಕಾಲು ಊದಿದೆ ಅಂತ ನಿಮ್ಮಮ್ಮನಿಗೆ ಬರೆದಿದ್ದೆಯಲ್ಲ, ಈಗ ಇಳಿದಿದೆಯಾ? ಬೇಕರಿಯಲ್ಲಿ ಬೆಳಗಿನಿಂದ ನಿಂತೇ ಇರಬೇಡ. ಒಂದು ಸ್ಟೂಲ್ ಹಾಕಿಸಿಕೊಡಿ ಅಂತ ಯಜಮಾನರನ್ನು ಕೇಳು, ನಿನಗೆ ಸಂಕೋಚ ಆದರೆ ವೆಂಡೆಲ್ ಕೈಲಿ ಕೇಳಿಸು. ಅಳಿಯಂದಿರಿಗೆ ಮಾತು ಕಡಿಮೆ, ಗೊತ್ತು, ಆದರೂ ಹೆಂಡತಿಗೋಸ್ಕರ ಒಂದು ಸಲ ಬಾಯಿ ಬಿಟ್ಟರೆ ಗಂಟೇನೂ ಹೋಗಲ್ಲ. ನೀನು ಸಿನ್ಸಿನಾಟಿಗೆ ಹೋಗಿ ಎರಡೂವರೆ ವರ್ಷವಾಯಿತು, ನಾನು ಬರೀತಿರೋ ಮೊದಲನೇ ಕಾಗದ ಇದು. ಹೋದ ವಾರ ನಿನ್ನ ಕಾಗದವನ್ನು ನಿಮ್ಮಮ್ಮ ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದಳು. ನವೆಂಬರಿನಲ್ಲಿ ಹೆರಿಗೆ, ನನಗೆ ಹಾಲು ಬರುತ್ತೋ ಇಲ್ಲವೋ, ಮಗುವನ್ನು ಮುಟ್ಟೋಕೇ ಭಯ, ಅಪ್ಪ ಆವತ್ತು ಹೇಳಿದ್ದು ತಲೆಯಿಂದ ಹೋಗಿಲ್ಲ ಅಂತ ಬರೆದಿದ್ದೀಯಲ್ಲ, ಆ ಜಾಗಕ್ಕೆ ಬಂದಾಗ ಕನ್ನಡಕ ತೆಗೆದಿಟ್ಟು ನನ್ನನ್ನೇ ನೋಡಿದಳು. ನಾನು ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದೆ.

ಅದಕ್ಕೆ ಬರ್ತೀನಿ, ಮೊದಲು ಇಲ್ಲಿನ ಸುದ್ದಿ. ಕೆಳಗಿನ ಹೊಲದ ಹುಲ್ಲನ್ನು ಪೂರ್ತಿ ತೆಗೆದುಹಾಕಿದೆ. ಹೌದು, ನಾನೇ. ಆ ಫೆಸ್ಕ್ಯೂ ಹುಲ್ಲನ್ನು ನೀನು ಹುಟ್ಟಿದ ವರ್ಷ ಬಿತ್ತಿದ್ದೆ. ಬೇಸಿಗೆಗೆ ಒಣಗಲ್ಲ, ಹಿಮ ಬಿದ್ದರೂ ಹಸಿರು, ಎಷ್ಟು ಕುದುರೆ ತುಳಿದರೂ ಜಗ್ಗಲ್ಲ. ಪಕ್ಕದ ಫಾರ್ಮಿನ ಹೋಬರ್ಟ್ ಬೇಲಿ ಹತ್ತಿರ ನಿಂತು ಹೊಟ್ಟೆಕಿಚ್ಚು ಪಡ್ತಿದ್ದ, ನಾನು ಮೀಸೆ ತಿರುವುತ್ತಿದ್ದೆ. ಒಳ್ಳೇದು ಮೇಯಲಿ ಅಂತ ಗಬ್ಬದ ಕುದುರೆಗಳನ್ನು ಕೊನೇ ಮೂರು ತಿಂಗಳು ಅಲ್ಲಿಗೇ ಬಿಡ್ತಿದ್ದೆನಲ್ಲ, ನಿನಗೇ ಗೊತ್ತು. ಈ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದಿಂದ ಹುಲ್ಲು ಪರೀಕ್ಷೆ ಮಾಡೋ ಹುಡುಗಿ ಒಬ್ಬಳು ಬಂದಳು. ಫೋನ್ ಮಾಡಿ ಕರೆಸಿದ್ದು ನಿಮ್ಮಮ್ಮ, ನಾನಲ್ಲ. ಯಾಕೆ ಕರೆಸಿದಳು ಅನ್ನೋದು ಬಿಡು. ಅವಳು ಬುಡದ ದಂಟು ಕೊಯ್ದು ಚೀಲಕ್ಕೆ ಹಾಕಿಕೊಂಡು ಹೋದಳು, ಒಂದು ತಿಂಗಳಿಗೆ ವಾಪಸ್ ಬಂದು ಹೇಳಿದಳು, ದಂಟಿನ ಒಳಗೇ ಒಂದು ಬೂಷ್ಟು ಇದೆಯಂತೆ, ಕಣ್ಣಿಗೆ ಕಾಣಲ್ಲವಂತೆ, ಗಬ್ಬದ ಕುದುರೆ ಅದನ್ನು ಮೇದರೆ ದಿನ ಮೀರುತ್ತಂತೆ, ಕೆಚ್ಚಲಿಗೆ ಹಾಲು ಇಳಿಯಲ್ಲವಂತೆ. ಇಪ್ಪತ್ತೆರಡು ವರ್ಷ ಈ ಹುಲ್ಲಿನ ಮೇಲೆ ಓಡಾಡಿದ್ದೀನಿ, ನೀನು ನಿನ್ನೆ ಬಂದು ನನಗೆ ಹೇಳ್ತೀಯಾ ಅಂತ ರೇಗಿದೆ. ಪಾಪ, ಅವಳು ಪರೀಕ್ಷೆಯ ಕಾಗದ ಕೈಗಿಟ್ಟಳು. ನೂರು ದಂಟಿಗೆ ಎಂಬತ್ತರಲ್ಲಿ ಬೂಷ್ಟಿತ್ತು.

ಜುಲೈನಲ್ಲಿ ಹುಲ್ಲು ಸಾಯಿಸೋ ಮದ್ದು ಹೊಡೆದೆ, ಮತ್ತೆ ಚಿಗುರಿತು, ಆಗಸ್ಟಿನಲ್ಲಿ ಇನ್ನೊಂದು ಸಲ ಹೊಡೆದೆ. ಆಮೇಲೆ ಬೀಜದ ತಲೆನೋವು. ಅಂಗಡಿಯವನು ಮೇಲೆ ಕುದುರೆ ಚಿತ್ರ ಇರೋ ಚೀಲ ತಂದು ಮುಂದಿಟ್ಟ, ಕುದುರೆಗೆ ಅಂತಲೇ ಮಾಡಿದ್ದು ಅಂದ. ಹಿಂದೆ ತಿರುಗಿಸಿ ಚೀಟಿ ಓದಿದರೆ ಅದರಲ್ಲೂ ಅದೇ ಹಾಳು ಫೆಸ್ಕ್ಯೂ. ಬೇಡಪ್ಪಾ ಅಂತ ಹೇಳಿ ಬ್ಲೂಗ್ರಾಸ್, ಆರ್ಚರ್ಡ್ ಹುಲ್ಲು, ಒಂದು ಹಿಡಿ ಬಿಳಿ ಕ್ಲೋವರ್ ಬೇರೆ ಬೇರೆಯಾಗಿ ತೂಗಿಸಿಕೊಂಡು ಬಂದೆ. ನಮ್ಮಪ್ಪ ಮಾಡ್ತಿದ್ದ ಹಾಗೆ ನೂರು ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಲೆ ಪಕ್ಕ ಇಟ್ಟೆ. ಬಟ್ಟೆ ಯಾವುದು ಅಂದರೆ ನಿಮ್ಮಮ್ಮ ಈಸ್ಟರ್‌ಗೆ ಅಂತ ಎತ್ತಿಟ್ಟಿದ್ದ ಟವೆಲ್, ನನಗೇನು ಗೊತ್ತು. ಆರ್ಚರ್ಡ್ ಏಳು ದಿನಕ್ಕೇ ಮೊಳೆಯಿತು. ಬ್ಲೂಗ್ರಾಸ್ ಹನ್ನೆರಡು ದಿನವಾದರೂ ಸುಮ್ಮನಿತ್ತು. ಸತ್ತ ಬೀಜ ಮಾರಿದ್ದಾನೆ ಅಂತ ಗಾಡಿ ಹತ್ತಿ ಹೋಗಿ ಅಂಗಡಿಯವನ ಗ್ರಹಚಾರ ಬಿಡಿಸಿ ಬಂದೆ. ಬಂದು ನೋಡಿದರೆ ನಿಮ್ಮಮ್ಮ ಟವೆಲ್ ಬಿಡಿಸಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ, ಬೀಜ ಬಾಯಿ ಬಿಟ್ಟಿದೆ. 'ಇನ್ನೊಂದು ಸಲ ಹೋಗಿ ಬನ್ನಿ, ಈ ಸಲ ಕ್ಷಮೆ ಕೇಳೋಕೆ' ಅಂದಳು. ಹೋಗಿಲ್ಲ.

ಈ ತಿಂಗಳು ಎಂಟನೇ ತಾರೀಕು ಬಿತ್ತಿದೆ. ಅರ್ಧ ಬೀಜ ಉದ್ದಕ್ಕೆ, ಅರ್ಧ ಅಡ್ಡಕ್ಕೆ, ಮೇಲೆ ಉರುಳೆ ಎಳೆದೆ. ಬೀಜ ಉಗುರಿನಷ್ಟು ಆಳಕ್ಕೂ ಹೋಗಬಾರದು, ಹೋದರೆ ಮೇಲೆ ಬರೋ ಶಕ್ತಿ ಅದಕ್ಕಿಲ್ಲ. ಈಗ ಸಾಲು ಸಾಲಾಗಿ ಆರ್ಚರ್ಡ್ ಎದ್ದಿದೆ, ಬ್ಲೂಗ್ರಾಸ್ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಕನ್ನಡಕ ಹಾಕಿಕೊಂಡು ಹೊಲದಲ್ಲಿ ಮೊಣಕಾಲೂರುತ್ತೀನಿ. ಕಾಫಿ ಕುಡಿದು ಮತ್ತೆ ಹೋಗ್ತೀನಿ. ಈ ಕಾಗದ ಶುರು ಮಾಡಿದ ಮೇಲೆ ಎರಡು ಸಲ ಹೋಗಿ ಬಂದೆ. ಕೂತಲ್ಲಿ ಕೂರೋಕಾಗಲ್ಲ, ಅನ್ನಿಸಿದ್ದು ಬರೆಯೋಕೂ ಆಗಲ್ಲ.

ನಿನ್ನ ಕುದುರೆ ಟ್ಯಾನ್ಸಿ ಚೆನ್ನಾಗಿದ್ದಾಳೆ. ಮತ್ತೆ ಗಬ್ಬ. ನಮ್ಮ ಹುಲ್ಲು ಬೇರು ಹಿಡಿಯೋಕೆ ಒಂದು ವರ್ಷ ಬೇಕು, ಅಲ್ಲಿವರೆಗೆ ಹೋಬರ್ಟ್‌ನ ಹೊಲದಲ್ಲಿ ಮೇಯ್ತಾಳೆ. ನೀನು ಮನೆ ಬಿಟ್ಟ ವರ್ಷ ಚಳಿಗಾಲವೆಲ್ಲ ಅವಳನ್ನು ನೋಡಿಕೊಂಡವಳು ನೀನು. ಇಪ್ಪತ್ತೈದು ದಿನ ಮೀರಿ ಈದಳು, ಕೆಚ್ಚಲಲ್ಲಿ ಹನಿ ಹಾಲಿರಲಿಲ್ಲ, ಮರಿ ಎರಡನೇ ದಿನಕ್ಕೆ ಹೋಯಿತು. ಲಾಯದಲ್ಲಿ ಡಾಕ್ಟರ ಎದುರು, ಹೋಬರ್ಟ್ ಎದುರು ನಾನು ನಿನಗೆ ಏನಂದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಎಲ್ಲ ಹುಲ್ಲಿನಿಂದ ಆಗಿದ್ದು ಅಂತ ಈಗ ತಿಳಿಯಿತಲ್ಲ, ಮತ್ತೆ ಅದನ್ನೆಲ್ಲ ಕೆದಕೋದು ಬೇಡ. ಹಾಲು ಕುಡಿ, ಭಾರ ಎತ್ತಬೇಡ, ಹೊತ್ತು ಹೊತ್ತಿಗೆ ಊಟ ಮಾಡು. ವೆಂಡೆಲ್‌ಗೆ ನಮ್ಮ ನೆನಪು ತಿಳಿಸು. ನಿಮ್ಮ ಮೂವರನ್ನೂ ದೇವರು ಕಾಯಲಿ.

ನಿನ್ನ ಅಪ್ಪ,
ವರ್ಲಿನ್

ಕಾಗದ ಮಡಿಸಿದ ಮೇಲೆ ಬರೀತಿದ್ದೀನಿ. ನಿಮ್ಮಮ್ಮ ಓದಿದಳು. 'ಇದರಲ್ಲಿ ಬರೀ ಹುಲ್ಲಿದೆ, ನೀವೆಲ್ಲಿದ್ದೀರಿ? ಇದನ್ನು ನಾನು ಅಂಚೆಗೆ ಕೊಡಲ್ಲ' ಅಂದಳು. ಅಂಚೆಯವನ ಜೀಪು ಹೋಬರ್ಟ್‌ನ ಗೇಟಿಗೆ ಬಂದಾಗಿದೆ, ಬೇಗ ಬರೀತೀನಿ. ನಾನು ಆವತ್ತು ಅಂದದ್ದು, ಇವಳ ಕೈಗುಣವೇ ಕೆಟ್ಟದ್ದು, ಮುಟ್ಟಿದ ಕುದುರೆಯ ಹಾಲು ಬತ್ತುತ್ತೆ ಅಂತ. ನೀನು ಹೋದ ಮರುವರ್ಷ ಜೂನಿಪರ್ ಹಾಗೇ ದಿನ ಮೀರಿ ಈದಳು. ಈ ವರ್ಷ ಬೆಸ್. ಎರಡಕ್ಕೂ ಹಾಲಿರಲಿಲ್ಲ, ಎರಡು ಮರಿಯೂ ಸತ್ತವು. ಎರಡನ್ನೂ ನೋಡಿಕೊಂಡವನು ನಾನೊಬ್ಬನೇ. ನಿನ್ನ ಕೈಯಿಂದ ಆಗಿದ್ದಲ್ಲ ಅಂತ ಜೂನಿಪರ್ ಈದ ದಿನವೇ ನನಗೆ ಗೊತ್ತಾಯಿತು. ನಿನಗೆ ತಿಳಿಸಬೇಡ ಅಂತ ನಿಮ್ಮಮ್ಮನ ಹತ್ತಿರ ಆಣೆ ಹಾಕಿಸಿಕೊಂಡೆ. ಆಡಿದ ಮಾತು ವಾಪಸ್ ತಗೊಳ್ಳೋಕೆ ಮನಸ್ಸು ಬರದೆ ಒಂದೂವರೆ ವರ್ಷ ನಿನ್ನನ್ನು ಹಾಗೇ ನರಳೋಕೆ ಬಿಟ್ಟೆ. ತಪ್ಪಾಯಿತು ಮಗಳೇ. ಮಗು ಹುಟ್ಟಿದ ಕೂಡಲೇ ಬೇರೆ ಯಾರ ಕೈಗೂ ಕೊಡಬೇಡ, ನೀನೇ ಎತ್ತಿಕೋ. ನನಗೆ ತೋರಿಸೋದು ಬಿಡೋದು ಆಮೇಲಿನ ಮಾತು.