ನೋಡ್ಕೋತೀನಿ ಅಂದದ್ದು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯೇ? ಪಕ್ಕೆಲುಬಿನ ನೋವು ಇಳಿಯಿತೇ? ಮಗ್ಗುಲು ಬದಲಿಸಿ ಮಲಗಲು ಆಗುತ್ತಿದೆಯೇ? ನಿನ್ನನ್ನು ಇಟ್ಟುಕೊಂಡಿರುವ ಆಶ್ರಯಧಾಮದ ಮೇಡಂ ಫೋನಿನಲ್ಲಿ ‘ಚೆನ್ನಾಗಿ ಊಟ ಮಾಡ್ತಾಳೆ’ ಅಂದರು. ನಾನು ಅರ್ಧ ಮಾತ್ರ ನಂಬಿದೆ. ಅನ್ನ ಕಲಸಿ ಕಲಸಿ ತಿಂದಂತೆ ನಟಿಸುವುದರಲ್ಲಿ ನೀನು ಚಿಕ್ಕಂದಿನಿಂದಲೂ ಎತ್ತಿದ ಕೈ. ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ, ಎಡಗೈಯಲ್ಲಿ ಗೀಚುತ್ತಿದ್ದೇನೆ. ಶಾಲೆಯಲ್ಲಿ ಈ ಪುಟವನ್ನು ನನ್ನ ಮಕ್ಕಳು ನೋಡಿದರೆ ‘ಟೀಚರ್, ಹತ್ತು ಸಲ ಕಾಪಿ ಬರೀರಿ’ ಎಂದು ನನಗೇ ಶಿಕ್ಷೆ ಕೊಟ್ಟಾರು. ಅಮ್ಮ ಎದ್ದು ಓಡಾಡುತ್ತಿದ್ದಾಳೆ, ಕಣ್ಣಿನ ಸುತ್ತ ಊತ ಇಳಿದಿದೆ. ಇಷ್ಟು ದಿನ ಫೋನಿನಲ್ಲಿ ಇದ್ಯಾವುದನ್ನೂ ನಾವು ಹೇಳಲಿಲ್ಲ. ಹೇಳಿದ್ದರೆ ನೀನು ಸಿಕ್ಕಿದ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ. ಈಗ ಕೋರ್ಟಿನ ಕೆಲಸವೂ ಒಂದು ಹಂತಕ್ಕೆ ಬಂದಿದೆ, ನೀನು ಕೂತು ಓದು.

ಅವನು ಹೋದ ತಿಂಗಳು ಒಂದು ಭಾನುವಾರ ಊಟದ ಹೊತ್ತಿಗೆ ಬಂದ. ‘ನಿನ್ನ ಗಂಡ’ ಎಂದು ಬರೆಯಲು ಎಡಗೈಯೂ ಒಪ್ಪುತ್ತಿಲ್ಲ, ಅವನು ಅಂತಲೇ ಬರೆಯುತ್ತೇನೆ. ಗಾಜು ಕೂರಿಸುವ ಸಾಮಾನಿನ ಚೀಲ ಹೆಗಲಲ್ಲಿತ್ತು, ಕೆಲಸಕ್ಕೆ ಹೊರಟವನಂತೆಯೇ ಇದ್ದ. ಮೊದಮೊದಲು ಬೆಣ್ಣೆಯಂಥ ಮಾತು. ‘ಅತ್ತೆ, ಅವಳ ಅಡ್ರೆಸ್ ಕೊಡಿ ಸಾಕು, ನೀರೂ ಕುಡಿಯಲ್ಲ, ಹೊರಟುಬಿಡ್ತೀನಿ.’ ಅಮ್ಮ ‘ನಂಗೊತ್ತಿಲ್ಲಪ್ಪ’ ಅಂದಳು. ಅವನು ಚೀಲದಿಂದ ಸುತ್ತಿಗೆ ತೆಗೆದ. ನಿನ್ನ ಮದುವೆಯಾದ ಹೊಸದರಲ್ಲಿ ತಾನೇ ಅಳತೆ ತೆಗೆದು ಕೂರಿಸಿಕೊಟ್ಟಿದ್ದನಲ್ಲ, ಆ ಕಿಟಕಿಗಳನ್ನು ಒಂದು ತುದಿಯಿಂದ ಒಡೆಯುತ್ತಾ ಬಂದ. ಗಾಜು ಬಿದ್ದಾಗೆಲ್ಲ ಒಂದೇ ಪ್ರಶ್ನೆ, ‘ಎಲ್ಲಿದಾಳೆ?’ ಅವಸರವೇ ಇರಲಿಲ್ಲ ಪುಟ್ಟೀ. ಕೆಲಸ ಗೊತ್ತಿದ್ದವನು ಮಾಡುವ ಹಾಗೆ ಮಾಡಿದ, ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು. ಕೊನೆಯ ಕಿಟಕಿಯ ಹತ್ತಿರ ಅಮ್ಮನ ಜುಟ್ಟಿಗೆ ಕೈ ಹಾಕಿ, ಗಾಜಿನ ಚೂರು ತುಂಬಿದ ಕಿಟಕಿಕಟ್ಟೆಗೆ ಅವಳ ಮುಖ ಬಡಿದ. ಮತ್ತೆ ಬಡಿದ. ಹಾಗೇ ಒತ್ತಿ ಹಿಡಿದು, ಅವಳ ಕಿವಿಯ ಹತ್ತಿರ ಬಗ್ಗಿ ಅಂದ: ‘ಅವಳನ್ನ ನಾನು ನೋಡ್ಕೋತೀನಿ. ಎಲ್ಲಿದ್ರೂ ಬಿಡಲ್ಲ.’

ನಾನು ನಡುವೆ ನುಗ್ಗಿದೆ. ಸುತ್ತಿಗೆ ನನ್ನ ಮೊಣಕೈಯ ಕೆಳಗೆ ಬಿತ್ತು. ಮೂಳೆಯ ಸದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಅವನು ಇನ್ನೊಮ್ಮೆ ಎತ್ತುವಷ್ಟರಲ್ಲಿ ಕೆಳಗಿನ ಮನೆಯ ಟೈಲರ್ ಮಾವ ಬಾಗಿಲಲ್ಲಿ ನಿಂತಿದ್ದರು. ಗಾಜಿನ ಸದ್ದಿಗೆ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನೂ ಕೆಳಗಿಡದೆ, ವೈರು ಕಿತ್ತುಕೊಂಡು ಓಡಿ ಬಂದಿದ್ದರು. ಅದನ್ನೇ ಅವನ ಬೆನ್ನಿಗೆ ಒತ್ತಿದರು. ಶರ್ಟು ಸುಟ್ಟ ವಾಸನೆಯ ಹಿಂದೆಯೇ ಚರ್ಮ ಸುಟ್ಟ ವಾಸನೆ ಬಂತು. ಅವನು ಕಿರುಚಿ ಗಾಜಿನ ಮೇಲೆಯೇ ಬಿದ್ದ. ಪೊಲೀಸರು ಬರುವ ತನಕ ಮಾವ ಅವನ ಮೇಲಿಂದ ಏಳಲೇ ಇಲ್ಲ. ಇರುವೆ ತುಳಿಯಲೂ ಹಿಂಜರಿಯುವ ಮನುಷ್ಯ ಅಂತ ನಾವು ನಗುತ್ತಿದ್ದೆವಲ್ಲ, ಅವರೇ! ‘ಈ ಕೈಯಲ್ಲಿ ಈ ವಾರ ಕತ್ತರಿ ಹಿಡಿಯಲ್ಲ ಮಗಳೇ’ ಅಂದರು ಆಮೇಲೆ.

ಈಗ ಕೋರ್ಟಿನ ವಿಷಯ. ನಿನ್ನೆ ಅವನ ಜಾಮೀನು ಅರ್ಜಿಯ ವಿಚಾರಣೆಯಿತ್ತು. ನ್ಯಾಯಾಧೀಶೆಗೆ ನಮ್ಮ ಮಾತು ಬಾರದು, ಎಲ್ಲವೂ ಇಂಗ್ಲಿಷಿನಲ್ಲೇ ದಾಖಲಾಗಬೇಕು. ಅದಕ್ಕೊಬ್ಬರು ದುಭಾಷಿ. ಪಾಪ, ಕೆಟ್ಟವರಲ್ಲ, ಆದರೆ ಬೆಳಗಿನಿಂದ ನಾಲ್ಕಾರು ಕೇಸು ತರ್ಜುಮೆ ಮಾಡಿ ಬಾಯಿ ಒಣಗಿಸಿಕೊಂಡಿದ್ದರು. ಅಮ್ಮ ಕಟಕಟೆಯಲ್ಲಿ ನಿಂತು ಅವನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಏನಂತ ಗೊತ್ತೇ? ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಎಲ್ಲಿದ್ದರೂ ಕೈಬಿಡುವುದಿಲ್ಲ ಎಂದು ಆತ ‘ಪ್ರಾಮಿಸ್ಡ್’, ಅಂದರೆ ಮಾತು ಕೊಟ್ಟ! ನ್ಯಾಯಾಧೀಶೆ ತಲೆಯೆತ್ತಿ ಅವನ ಕಡೆ ನೋಡಿದರು, ಆ ನೋಟ ಮೆತ್ತಗಾಗಿತ್ತು. ಅವನ ವಕೀಲರು ಸಂದು ಸಿಕ್ಕಿತೆಂದು ಎದ್ದು, ಹೆಂಡತಿಯ ಮೇಲಿನ ಪ್ರೀತಿಯಿಂದ ತಲೆಕೆಟ್ಟು ಹೀಗಾಯಿತು, ರಾಜಿಗೆ ಅವಕಾಶ ಕೊಡಿ ಅಂದರು.

ವರ್ಷಗಟ್ಟಲೆ ಇಂಗ್ಲಿಷ್ ತರಗತಿಯಲ್ಲಿ ಮಕ್ಕಳಿಗೆ ಇದನ್ನೇ ಪಾಠ ಮಾಡಿದ್ದೇನೆ. ಎಲ್ಲದಕ್ಕೂ ‘ಸೆಡ್’, ‘ಹೇಳಿದ’ ಅಂತಲೇ ಬರೆದು ಕೈತೊಳೆದುಕೊಳ್ಳಬೇಡಿ, ಹೇಳಿದವನು ಬೇಡಿಕೊಂಡನೋ, ಗದರಿದನೋ, ಒಪ್ಪಿಕೊಂಡನೋ ನೋಡಿ ಬರೆಯಿರಿ ಅಂತ. ತಪ್ಪಿದರೆ ಅರ್ಧ ಮಾರ್ಕು ಕಳೆಯುತ್ತಿದ್ದೆ. ನಿನ್ನೆ ಅದೇ ತಪ್ಪಿಗೆ ನಿನ್ನ ಜೀವ ಹೋಗುವುದರಲ್ಲಿತ್ತು. ನಾನು ನಿಂತು, ಅದು ಪ್ರಾಮಿಸ್ ಅಲ್ಲ, ‘ಥ್ರೆಟನ್ಡ್’ ಅಂತ ಬರೆಯಬೇಕು, ಅವನು ಬೆದರಿಸಿದ್ದು ಎಂದು ಕೂಗಿದೆ. ಕೂತ್ಕೊಳ್ಳಿ ಅಂತ ಪೊಲೀಸರು ಗದರಿಸಿದರು. ಅವನ ವಕೀಲರು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಂತೆ, ಬೇಕಾದರೆ ‘ಇನ್ಸಿಸ್ಟೆಡ್’ ಅಂತ ಹಾಕೋಣ, ಪಟ್ಟು ಹಿಡಿದ ಅಂತಾಗುತ್ತೆ, ಅಂದರು.

‘ಏನಂತೆ? ಏನು ಬರ್ಸಿದ್ರು?’ ಎಂದು ಅಮ್ಮ ನನ್ನನ್ನು ಕೇಳಿದಳು. ಹೇಳಿದೆ. ಅವಳು ಯಾರ ಅಪ್ಪಣೆಗೂ ಕಾಯದೆ ಕಟಕಟೆಯಿಂದ ಇಳಿದು ಬಂದು, ನನ್ನ ಜಡೆಗೆ ಕೈ ಹಾಕಿ, ತಲೆ ಬಗ್ಗಿಸಿ, ಮುಂದಿನ ಮರದ ಕಂಬಿಯ ಮೇಲೆ ಧಡ್ ಅಂತ ಬಡಿದಳು. ಸುಮ್ಮನೆ ಅಭಿನಯವಲ್ಲ ಕಣೇ, ಹಣೆ ಬುಗುಟೆದ್ದಿದೆ. ನನ್ನನ್ನು ಹಾಗೇ ಒತ್ತಿ ಹಿಡಿದು, ಕಿವಿಯ ಹತ್ತಿರ ಬಗ್ಗಿ, ಅವನದೇ ದನಿಯಲ್ಲಿ ಅಂದಳು: ‘ಅವಳನ್ನ ನಾನು ನೋಡ್ಕೋತೀನಿ. ಎಲ್ಲಿದ್ರೂ ಬಿಡಲ್ಲ.’ ಅದು ನಮ್ಮಮ್ಮ ಅಂತ ಗೊತ್ತಿದ್ದೂ ಪ್ಲಾಸ್ಟರ್ ಕೈಯನ್ನು ತಲೆಗೆ ಅಡ್ಡ ಹಿಡಿದೆ. ಇಬ್ಬರು ಕಾನ್‌ಸ್ಟೇಬಲ್‌ಗಳು ಓಡಿ ಬಂದು ಬಿಡಿಸಿದರು. ಆಮೇಲೆ ಅವಳು ನನ್ನ ಹಣೆ ಸವರುತ್ತಾ ‘ನೋವಾಯ್ತಾ ಕಂದಾ’ ಎಂದು ಅಳಲು ಶುರುಮಾಡಿದಳು. ಮೊದಲು ಬಾಯಿಬಿಟ್ಟವರು ದುಭಾಷಿ. ಎದ್ದು ನಿಂತು, ನನ್ನಿಂದ ತಪ್ಪಾಗಿದೆ, ಅದು ಬೆದರಿಕೆಯೇ, ಕೊಲ್ಲುವ ಬೆದರಿಕೆ, ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ನ್ಯಾಯಾಧೀಶೆ ಹಳೆಯ ಪದ ಹೊಡೆದುಹಾಕಿಸಿದರು. ಜಾಮೀನು ಇಲ್ಲ ಅಂತಾಯಿತು. ಟೈಲರ್ ಮಾವನ ಮೇಲೆ ಅವನು ಕೊಟ್ಟಿದ್ದ ದೂರನ್ನು ಪೊಲೀಸರೇ ಕೈಬಿಟ್ಟಿದ್ದಾರೆ.

ಕಿಟಕಿಗಳಿಗೆ ಸದ್ಯಕ್ಕೆ ರಟ್ಟು ಹೊಡೆದಿದ್ದೇವೆ, ಹಗಲಲ್ಲೂ ದೀಪ ಬೇಕು. ಅಮ್ಮ ನಿನಗೆ ಸ್ವೆಟರ್ ಹೆಣೆಯುತ್ತಿದ್ದಾಳೆ, ಒಂದು ತೋಳು ಉದ್ದವಾದರೆ ಬೈಯಬೇಡ, ಕಣ್ಣು ಇನ್ನೂ ಮಂಜು. ನಿನ್ನ ತಲೆ ಸವರಿದೆ ಅಂತ ಬರಿ, ನೂರು ವರ್ಷ ಬಾಳಲಿ ಅಂದಿದ್ದಾಳೆ. ಟೈಲರ್ ಮಾವ ಕೇಳಿದೆ ಅಂತ ಹೇಳು ಅಂದರು. ಹೊಟ್ಟೆ ತುಂಬ ಉಣ್ಣು, ಕಲಸಿ ಇಡಬೇಡ.

ನಿನ್ನ ಪೆಟ್ಟು ನನಗೇ ಬೀಳಲಿ ಎನ್ನುವ,
ಅಕ್ಕ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅವನ ವಕೀಲರಿಂದ, ಕೋರ್ಟು ಮತ್ತು ಮೇಡಂ ಮೂಲಕ, ನಿನಗೊಂದು ಕಾಗದ ಬರುತ್ತದೆ. ಅವನು ಕಣ್ಣೀರಿಟ್ಟು ಕ್ಷಮೆ ಬೇಡಿಕೊಂಡ ಎಂದು ಅದರಲ್ಲಿರುತ್ತದೆ. ನೀನು ಕರಗುವವಳು, ನನಗೆ ಗೊತ್ತು. ನಿನ್ನೆ ಕೋರ್ಟಿನ ಹೊರಗಿನ ಪಡಸಾಲೆಯಲ್ಲಿ ಅವನು ಅದನ್ನು ಹೇಳುವಾಗ ನಾನು ಕಂಬದ ಈಚೆ ಕೂತಿದ್ದೆ. ‘ತಪ್ಪಾಯ್ತು, ಕ್ಷಮಿಸು ಅಂತ ಬರ್ಕೊಳ್ಳಿ’ ಅಂದ. ಆಮೇಲೆ ವಕೀಲರ ಮುಖ ನೋಡಿ, ‘ಸಾಕಾ?’ ಅಂತ ಕೇಳಿದ. ಅದನ್ನು ಅವರು ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಬರಬೇಡ.